ಯುಗಾದಿಗೆ ಅಟ್ಟದ ಸಾಮಾನು ಇಳಿಸುವಾಗ

ಹಬ್ಬಕ್ಕೆ ಮೂರು ವಾರ ಇರುವಾಗಲೇ ಅಟ್ಟದ ಸಾಮಾನು ಇಳಿಸಿಬಿಡಿ. ಹಿಂದಿನ ದಿನ ಇಳಿಸಿದರೆ ಅವಸರದಲ್ಲಿ ತಿಕ್ಕಿ ತಿಕ್ಕಿ ಹಾಳು ಮಾಡುವುದೇ ಹೆಚ್ಚು. ಹಂಡೆ, ಕೊಳಗ, ಉರುಳಿ, ಭರಣಿ, ಸೇರು, ಪಾವು, ಬೀಟೆ ಮರದ ಪೆಟ್ಟಿಗೆ, ಏನೇನಿದೆಯೋ ಎಲ್ಲವನ್ನೂ ಹಜಾರದಲ್ಲಿ ಹರಡಿ ನೋಡಿ, ಅದರಲ್ಲಿ ಮನೆಯ ಅಲಂಕಾರಕ್ಕೆ ಐದಾರು ಮಾತ್ರ ಆರಿಸಿಕೊಳ್ಳಿ. ಉಳಿದವು ದಸರೆಗೆ ಇರಲಿ. ಎಲ್ಲವನ್ನೂ ಒಟ್ಟಿಗೆ ಜೋಡಿಸಿದ ಮನೆ ಪಾತ್ರೆ ಅಂಗಡಿಯ ಹಾಗೆ ಕಾಣುತ್ತದೆ. ಹಳೆಯದು ಹಳೆಯದಾಗಿಯೇ ಇರಲಿ, ಹೊಸತನವನ್ನು ಮಾವಿನ ಚಿಗುರು, ಬೇವಿನ ಹೂ, ಮಲ್ಲಿಗೆ ತಂದುಕೊಡುತ್ತವೆ.

ಹಿತ್ತಾಳೆಯ ವಿಷಯದಲ್ಲೇ ತಪ್ಪು ಹೆಚ್ಚು. ನಿಂಬೆ ಗಾತ್ರದ ಹುಣಸೆಹಣ್ಣನ್ನು ಅರ್ಧ ಲೋಟ ಬಿಸಿನೀರಿನಲ್ಲಿ ನೆನೆಸಿ ಕಿವುಚಿ, ಒಂದು ಚಮಚ ಉಪ್ಪು ಬೆರೆಸಿದರೆ ಒಂದು ಕೊಳಗಕ್ಕೆ ಸಾಕು. ಹಚ್ಚಿ ಎರಡು ಮೂರು ನಿಮಿಷಕ್ಕೆ ತೊಳೆಯಬೇಕು. ರಾತ್ರಿಯಿಡೀ ಹುಳಿಯಲ್ಲಿ ನೆನೆಹಾಕಿದರೆ ಹಿತ್ತಾಳೆ ಕೆಂಪಗೆ ತಿರುಗುತ್ತದೆ. ಹುಳಿಗೆ ಹಿತ್ತಾಳೆಯೊಳಗಿನ ಸತು ಕರಗಿ, ಮೇಲ್ಮೈಯಲ್ಲಿ ತಾಮ್ರವಷ್ಟೇ ಉಳಿಯುವುದರಿಂದ ಹಾಗಾಗುತ್ತದೆ. ಹುಳಿ ತೊಳೆದ ಮೇಲೆ ಸೀಗೆಪುಡಿ ಹಾಕಿ ಮೆತ್ತಗೆ ಉಜ್ಜಿ, ಎರಡು ನೀರಿನಲ್ಲಿ ತೊಳೆದು, ಆ ಕ್ಷಣವೇ ಹತ್ತಿ ಬಟ್ಟೆಯಿಂದ ಒರೆಸಿ, ಹತ್ತು ನಿಮಿಷ ಬಿಸಿಲಿಗಿಡಿ. ಕುತ್ತಿಗೆಯ ಸಂದಿಯಲ್ಲಿ, ಹಿಡಿಯ ಬುಡದಲ್ಲಿ ಉಪ್ಪು ಉಳಿದರೆ ವಾರದೊಳಗೆ ಹಸಿರು ಕಿಲುಬು ಬರುತ್ತದೆ. ಬೋರ್‌ವೆಲ್ ನೀರನ್ನು ಹಾಗೇ ಆರಲು ಬಿಟ್ಟರೆ ಬಿಳಿ ಕಲೆ ಕೂರುತ್ತದೆ.

ರಂಗೋಲಿ ಪುಡಿ, ಕಬ್ಬಿಣದ ನಾರು ಬೇಡವೇ ಬೇಡ, ಗೀರು ಬೀಳುತ್ತದೆ. ಹಳೆಯ ಪಾತ್ರೆಗಳ ಹೊಟ್ಟೆಯ ಮೇಲೆ ಚುಕ್ಕಿ ಹೊಡೆದು ಬರೆಸಿದ ಹೆಸರು ಇರುತ್ತದಲ್ಲ, ಮಷೀನ್ ಪಾಲಿಶ್‌ಗೆ ಕೊಟ್ಟರೆ ಮೊದಲು ಸವೆಯುವುದು ಅದೇ. ಮುತ್ತಜ್ಜಿಯ ಹೆಸರು ಅಳಿಸಿ ಹೊಳಪು ತರುವುದು ನಷ್ಟದ ವ್ಯವಹಾರ.

ಹಂಡೆಗೆ ಹೂವಿನ ಕೊಂಬೆ ಇಡುವ ಮುಂಚೆ ನೀರು ತುಂಬಿಸಿ, ಕೆಳಗೆ ಕಾಗದ ಹಾಸಿ, ಒಂದು ರಾತ್ರಿ ಬಿಡಿ. ಬೆಸುಗೆಯಲ್ಲಿ ಸಣ್ಣ ಸೋರಿಕೆ ಇದ್ದರೆ ಬೆಳಗ್ಗೆ ಗೊತ್ತಾಗುತ್ತದೆ. ಸೋರಿದರೂ ಬಿಸಾಡಬೇಕಿಲ್ಲ, ಒಳಗೊಂದು ಪ್ಲಾಸ್ಟಿಕ್ ಡಬ್ಬಿ ಇಟ್ಟು ಅದರಲ್ಲಿ ನೀರು ಹಾಕಿ. ಹತ್ತು ಲೀಟರ್ ನೀರೆಂದರೆ ಹತ್ತು ಕಿಲೋ, ಅದರ ಮೇಲೆ ಪಾತ್ರೆಯ ತೂಕ, ಹಾಗಾಗಿ ಹಳೆಯ ಮೂರು ಕಾಲಿನ ಸ್ಟೂಲು ನಂಬಬೇಡಿ, ನೆಲದ ಮೇಲೇ ಇಡಿ. ಉರುಳಿಗೆ ಮಲ್ಲಿಗೆ ಮೊಗ್ಗನ್ನು ಸಂಜೆ ಐದಕ್ಕೆ ತೇಲಿಬಿಟ್ಟರೆ ದೀಪ ಹಚ್ಚುವ ಹೊತ್ತಿಗೆ ಅರಳುತ್ತದೆ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಬಿಡಿ ಮೊಗ್ಗು ಕೇಳಿ ತನ್ನಿ, ಕಟ್ಟಿದ ಮಾಲೆ ನೀರಿನಲ್ಲಿ ಮುದ್ದೆಯಾಗುತ್ತದೆ. ಉರುಳಿಯ ನೀರನ್ನು ಎರಡು ದಿನಕ್ಕೊಮ್ಮೆ ಚೆಲ್ಲಿ, ಒಳಗೋಡೆಯನ್ನು ಕೈಯಿಂದ ಉಜ್ಜಿ. ಡೆಂಗಿ ಸೊಳ್ಳೆಯ ಮೊಟ್ಟೆ ನೀರಿನ ಅಂಚಿಗೆ ಅಂಟಿಕೊಂಡಿರುವುದರಿಂದ ಬರೀ ನೀರು ಬದಲಾಯಿಸಿದರೆ ಹೋಗುವುದಿಲ್ಲ.

ಉಪ್ಪಿನಕಾಯಿ ಭರಣಿಗೆ ಬೇವಿನ ಕೊಂಬೆ ಒಪ್ಪುತ್ತದೆ, ಕಂದು ಬಣ್ಣದ ಮೇಲೆ ಬಿಳಿ ಹೂ ಎದ್ದು ಕಾಣುತ್ತದೆ. ಬೆರಳಿನಿಂದ ತಟ್ಟಿ, ಟಣ್ ಎಂದರೆ ಗಟ್ಟಿ, ಡಬ್ ಎಂದರೆ ಎಲ್ಲೋ ಬಿರುಕಿದೆ. ವರ್ಷಗಟ್ಟಲೆ ಉಪ್ಪು ಹೀರಿದ ಭರಣಿಯ ಹೊರಗೋಡೆಯಲ್ಲಿ ಬಿಳಿ ಪುಡಿ ಏಳುತ್ತದೆ. ಮೂರು ನಾಲ್ಕು ದಿನ ನೀರಿನಲ್ಲಿ ಮುಳುಗಿಸಿ, ದಿನಾ ನೀರು ಬದಲಾಯಿಸಿ, ನೆರಳಿನಲ್ಲಿ ಒಣಗಿಸಿ.

ಮಂಡ್ಯದ ಕಡೆಯವರ ಮನೆಯಲ್ಲಿ ಬೆಲ್ಲದ ಅಚ್ಚಿನ ಮಣೆ ಇದ್ದರೆ ಅದಕ್ಕಿಂತ ಚೆಂದದ ಸಾಮಾನು ಬೇರೆ ಬೇಡ. ಗೋಡೆಗೆ ಒರಗಿಸಿಟ್ಟರೂ ಸರಿ, ಊಟದ ಮೇಜಿನ ನಡುವೆ ಮಲಗಿಸಿ ಒಂದೊಂದು ಗುಳಿಯಲ್ಲಿ ಒಂದೊಂದು ಸಂಪಿಗೆ ಇಟ್ಟರೂ ಸರಿ. ಆದರೆ ಆಲೆಮನೆಯ ಅಂಟು ಗುಳಿಗಳ ಮೂಲೆಯಲ್ಲಿ ಉಳಿದಿದ್ದರೆ ಇರುವೆ ಸಾಲು ಹಿಡಿಯುತ್ತದೆ. ಬಿಸಿನೀರು, ಹಲ್ಲುಜ್ಜುವ ಹಳೆಯ ಬ್ರಷ್ಷು ಸಾಕು. ತೊಳೆದದ್ದನ್ನು ಬಿಸಿಲಿಗೆ ಹಾಕಬೇಡಿ, ಒಂದು ಮಗ್ಗುಲು ಬೇಗ ಒಣಗಿ ಮರ ಸೊಟ್ಟಗಾಗುತ್ತದೆ. ಗಾಳಿಯಾಡುವ ನೆರಳಿನಲ್ಲಿ ಎರಡು ದಿನ ನಿಲ್ಲಿಸಿ.

ಮರದ ಯಾವ ಸಾಮಾನನ್ನೂ ಇಳಿಸಿದ ಕೂಡಲೇ ಅಲಂಕಾರಕ್ಕೆ ಇಡಬೇಡಿ. ಬಿಳಿ ಕಾಗದದ ಮೇಲೆ ಎರಡು ವಾರ ಬೇರೆಯಾಗಿ ಇಡಿ. ಕಾಗದದ ಮೇಲೆ ಹೊಸ ಪುಡಿ ಉದುರಿದರೆ ಒಳಗೆ ಕೊರೆಯುವ ಹುಳು ಜೀವಂತ ಇದೆ. ಅಂಗಡಿಯಲ್ಲಿ ಸಿಗುವ ಮರದ ಹುಳುವಿನ ಔಷಧಿಯನ್ನು ಸಿರಿಂಜಿನಿಂದ ಪ್ರತಿ ತೂತಿಗೂ ಹಾಕಿ, ಜೇನುಮೇಣದಿಂದ ಮುಚ್ಚಿ. ಮರಕ್ಕೆ ಕೊಬ್ಬರಿ ಎಣ್ಣೆ ಸವರುವ ರೂಢಿ ಬಿಡಬೇಕು, ಅದು ಕಮಟು ಹಿಡಿಯುತ್ತದೆ, ಧೂಳು ಅಂಟುತ್ತದೆ. ಒಂದು ಪಾಲು ಜೇನುಮೇಣ ತುರಿದು ಮೂರು ಪಾಲು ಟರ್ಪೆಂಟೈನ್‌ನಲ್ಲಿ ಕರಗಿಸಿ. ನೀರು ಕಾಯಿಸಿ, ಒಲೆ ಪೂರ್ತಿ ಆರಿಸಿ, ದೂರ ತಂದು, ಆ ಬಿಸಿನೀರಿನಲ್ಲಿ ಡಬ್ಬಿ ಇಳಿಸಬೇಕು. ಟರ್ಪೆಂಟೈನ್ ಬೆಂಕಿಯ ಹತ್ತಿರ ಬಂದರೆ ಹತ್ತಿಕೊಳ್ಳುತ್ತದೆ. ತೆಳ್ಳಗೆ ಹಚ್ಚಿ, ಅರ್ಧ ಗಂಟೆ ಬಿಟ್ಟು, ಬಟ್ಟೆಯಿಂದ ಉಜ್ಜಿ. ಮರಳು ಕಾಗದ ಮುಟ್ಟಿಸಬೇಡಿ.

ಮೈಸೂರು ಶೈಲಿಯ ಹಳೆಯ ಚಿತ್ರಪಟವನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಚಿನ್ನದ ರೇಕು ಎದ್ದುಬರುತ್ತದೆ. ಮೃದುವಾದ ಒಣ ಬ್ರಷ್ಷೊಂದೇ ಸಾಕು. ಹಿಂದೆ ಗೋಡೆಗೆ ತಾಗದಂತೆ ನಾಲ್ಕು ಮೂಲೆಗೆ ಕಾರ್ಕಿನ ತುಂಡು ಅಂಟಿಸಿ, ಏಪ್ರಿಲ್, ಮೇ ತಿಂಗಳ ಅಶ್ವಿನಿ, ಭರಣಿ ಮಳೆಗೆ ಹೊರಗೋಡೆ ತೇವ ಹಿಡಿಯುತ್ತದೆ. ಅಜ್ಜಿಯ ಮೈಸೂರು ರೇಷ್ಮೆ ಸೀರೆಯನ್ನು ಹರಡುವುದಾದರೆ ಪಡುವಣ ಬಿಸಿಲು ಬೀಳದ ಕಡೆ, ಹದಿನೈದು ದಿನ ಮಾತ್ರ. ಮೊಳೆ, ಪಿನ್ನು ಬೇಡ.

ಕೊಳ್ಳುವುದಿದ್ದರೆ ಕಿಸೆಯಲ್ಲಿ ಒಂದು ಅಯಸ್ಕಾಂತ ಇರಲಿ. ಅಂಟಿದರೆ ಅದು ಹಿತ್ತಾಳೆ ಲೇಪದ ಕಬ್ಬಿಣ. ನಿಜವಾಗಿ ಬಳಸಿದ ಪಾತ್ರೆ ತಳದಲ್ಲಿ, ಬಾಯಂಚಿನಲ್ಲಿ ಸವೆದಿರುತ್ತದೆ. ಮೈತುಂಬ ಒಂದೇ ಸಮ ಹಸಿರಾಗಿದ್ದರೆ ಆಸಿಡ್ ಹಾಕಿ ಮಾಡಿದ ಹಳತನ. ಸೇರು, ಅಚ್ಚೇರು, ಪಾವು, ಚಟಾಕು ಜೊತೆ ಸಿಕ್ಕರೆ ಬಿಡಬೇಡಿ, 1956ರ ಕಾಯ್ದೆಯಿಂದ ಮೆಟ್ರಿಕ್ ಅಳತೆ ಬಂದ ಮೇಲೆ ಅವು ವ್ಯಾಪಾರದಿಂದ ಸರಿದವು, ಪೂರ್ತಿ ಜೊತೆ ಸಿಗುವುದು ಅಪರೂಪ. ದಂತದ ಕುಸುರಿ ಇರುವ ಬೀಟೆ ಪೆಟ್ಟಿಗೆ, ದೇವಸ್ಥಾನದ್ದೆಂದು ಹೇಳುವ ವಿಗ್ರಹ ಎರಡನ್ನೂ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ದಂತದ ವ್ಯಾಪಾರ ಅಪರಾಧ. ನೂರು ವರ್ಷ ದಾಟಿದ ವಿಗ್ರಹ 1972ರ ಪುರಾವಸ್ತು ಕಾಯ್ದೆಗೆ ಒಳಪಡುತ್ತದೆ, ನೋಂದಣಿ ಪತ್ರ ತೋರಿಸದವರಿಂದ ಕೊಳ್ಳಬಾರದು.

ಮುಂಗಾರಿಗೆ ಮುಂಚೆ ಮತ್ತೆ ಅಟ್ಟಕ್ಕೆ ಏರಿಸುವಾಗ ಹಿತ್ತಾಳೆಯನ್ನು ಪೇಪರಿನಲ್ಲಿ ಸುತ್ತಬೇಡಿ, ಅದು ತೇವ ಹಿಡಿದುಕೊಂಡು ಕಪ್ಪಾಗಿಸುತ್ತದೆ. ಒಗೆದು ಒಣಗಿಸಿದ ಹಳೆಯ ಪಂಚೆಯಲ್ಲಿ ಸುತ್ತಿ, ಬಾಯಿ ಕೆಳಗೆ ಮಾಡಿ ಇಡಿ.