64 ಸ್ಲೈಸಿನ ಮಷೀನಿನಲ್ಲೇ ಹೃದಯದ ಸಿಟಿ: ನನ್ನ ಅನುಭವ

"64 ಸ್ಲೈಸಿನಲ್ಲಿ ಕೊರೊನರಿ ಎಲ್ಲಿ ಕಾಣುತ್ತೆ, ಮಣಿಪಾಲಕ್ಕೆ ಬರೆದುಕೊಡಿ" ಎಂದು ಶಿವಮೊಗ್ಗದಲ್ಲಿ ಹೇಳದವರಿಲ್ಲ. 64 ಸ್ಲೈಸ್ ಅಂದರೆ ಒಂದು ಸುತ್ತಿಗೆ 64 ಪದರದ ಚಿತ್ರ ತೆಗೆಯುವ ಸಿಟಿ ಮಷೀನು, ಕೊರೊನರಿ ಅಂದರೆ ಹೃದಯಕ್ಕೇ ರಕ್ತ ಒಯ್ಯುವ ನಾಳ. ಮೊದಲ ಇಪ್ಪತ್ತು ಕೇಸಿನಲ್ಲಿ ಅರ್ಧದಷ್ಟು ಕೆಟ್ಟವು ಕೂಡ. ಬಲಗಡೆಯ ಕೊರೊನರಿ (ಆರ್‌ಸಿಎ) ನಡುಭಾಗ ಮಸುಕು, ಎಡಗಡೆಯದರ ಮುಂದಿನ ಕವಲು (ಎಲ್‌ಎಡಿ) ಮೆಟ್ಟಿಲು ಮೆಟ್ಟಿಲು. ರಕ್ತನಾಳ ಬೆಳ್ಳಗೆ ಕಾಣಲು ಚುಚ್ಚುವ ಅಯೋಡಿನ್ ದ್ರವವೇ ಕಾಂಟ್ರಾಸ್ಟ್; ಪ್ರತಿ ಸಲ ಸಾವಿರ ರೂಪಾಯಿಗೂ ಮೇಲ್ಪಟ್ಟ ಅದರ ಬಾಟಲಿ ದಂಡ. ಇನ್ನೊಮ್ಮೆ ದುಡ್ಡು ಕೊಡಿ ಎಂದು ರೋಗಿಯನ್ನು ಕೇಳುವಂತಿಲ್ಲ.

ಕೆಡಿಸುತ್ತಿದ್ದದ್ದು ನಾಡಿ. ಎಕ್ಸ್‌ರೇ ಟ್ಯೂಬಿನ ಒಂದು ಸುತ್ತಿಗೆ 0.35 ಸೆಕೆಂಡು, ಚಿತ್ರಕ್ಕೆ ಅದರ ಅರ್ಧ ಸಾಕು. ಅಷ್ಟು ಹೊತ್ತು ಹೃದಯ ಅಲುಗದೆ ಇರಬೇಕಾದರೆ ನಾಡಿ 60ರ ಆಸುಪಾಸಿನಲ್ಲಿರಬೇಕು. ಹೊಸನಗರ, ತೀರ್ಥಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು, ಕಾಫಿ ಕುಡಿದು, ಹೊಗೆಸೊಪ್ಪು ಹಾಕಿದ ಎಲೆಯಡಿಕೆ ಜಗಿದು ಬಂದವರ ನಾಡಿ 85, 90! ಈಗ ಹಿಂದಿನ ದಿನವೇ ಫೋನು ಮಾಡಿ ಎರಡನ್ನೂ ಬಿಡಿಸುತ್ತೇವೆ. ಬಂದ ಮೇಲೆ ಅರ್ಧ ಗಂಟೆ ಮಲಗಿಸುತ್ತೇವೆ. ಸ್ಕ್ಯಾನಿಗೆ ಒಂದು ಗಂಟೆ ಮುಂಚೆ ನಾಡಿ ಇಳಿಸುವ ಮಾತ್ರೆ: ಮೆಟೊಪ್ರೊಲಾಲ್ 50 ಮಿಗ್ರಾಂ, ಉಬ್ಬಸದವರಿಗೆ ಐವಾಬ್ರಡಿನ್. ಬಿಪಿ 100ರ ಕೆಳಗಿದ್ದರೆ, ಹಾರ್ಟ್ ಬ್ಲಾಕ್ ಇದ್ದರೆ ಮೆಟೊಪ್ರೊಲಾಲ್ ಮುಟ್ಟುವುದಿಲ್ಲ. ರಕ್ತನಾಳ ಹಿಗ್ಗಿಸುವ ನೈಟ್ರೋಗ್ಲಿಸರಿನ್ ನಾಲಿಗೆಯಡಿ ಇಡುವ ಮುನ್ನ ವಯಾಗ್ರಾ ಜಾತಿಯ ಮಾತ್ರೆ ನುಂಗಿದ್ದಾರೆಯೇ ಎಂದು ಕೇಳಲೇಬೇಕು, ನಾಚಿಕೊಂಡರೂ ಸರಿ.

ಬಲಗೈಗೆ 18 ಗೇಜ್ ಸೂಜಿ. ಎಡಗೈ ಹಿಡಿದರೆ ಎದೆಯ ನಡುವೆ ಅಡ್ಡ ಹಾಯುವ ಸಿರೆಯ ದಟ್ಟ ಕಾಂಟ್ರಾಸ್ಟ್ ಚಿತ್ರದ ಮೇಲೆ ಗೆರೆ ಎಳೆಯುತ್ತದೆ. 350ರ (ಎಂಎಲ್‌ಗೆ 350 ಮಿಗ್ರಾಂ ಅಯೋಡಿನ್) ಕಾಂಟ್ರಾಸ್ಟ್ 70 ಎಂಎಲ್, ಸೆಕೆಂಡಿಗೆ 5 ಎಂಎಲ್‌ನಂತೆ, ಹಿಂದೆಯೇ 40 ಎಂಎಲ್ ಸಲೈನ್. ಮಳೆಗಾಲದ ಥಂಡಿಗೆ ಕಾಂಟ್ರಾಸ್ಟ್ ಮಂದವಾಗಿ ಇಂಜೆಕ್ಟರಿನ ಪ್ರೆಶರ್ ಏರಿತ್ತು, ಎರಡು ಸಲ ಕೈಯೂ ಊದಿತು. ಈಗ 37 ಡಿಗ್ರಿಗೆ ಬೆಚ್ಚಗೆ ಮಾಡಿಯೇ ತುಂಬುವುದು.

ಉಸಿರಿನದೇ ದೊಡ್ಡ ಪಾಠ. "ಜೋರಾಗಿ ಎಳ್ಕೊಳ್ಳಿ" ಅಂದರೆ ಹೊಟ್ಟೆಯ ಕಡೆಯಿಂದ ಕಾಂಟ್ರಾಸ್ಟಿಲ್ಲದ ರಕ್ತ ನುಗ್ಗಿ ಬಣ್ಣ ಪೇಲವವಾಗುತ್ತದೆ. ಅರ್ಧ ಉಸಿರು ಸಾಕು. ಮೂರು ಸಲ ಅಭ್ಯಾಸ ಮಾಡಿಸಿ, ಇಸಿಜಿ ನೋಡುತ್ತ ನಾಡಿ ಎಷ್ಟು ಇಳಿಯುತ್ತದೆಂದು ಬರೆದಿಟ್ಟುಕೊಳ್ಳುತ್ತೇವೆ. ಕೈ ಮೇಲೆತ್ತಿಸಿದ ಮೇಲೆ ಇಸಿಜಿ ಮತ್ತೆ ನೋಡಿ, ಎಲೆಕ್ಟ್ರೋಡು ಆಗಲೇ ಕೈಕೊಡುವುದು. 

ಈಗ ಹತ್ತರಲ್ಲಿ ಒಂಬತ್ತು ಸ್ಕ್ಯಾನ್ ಓದುವಂತೆ ಬರುತ್ತವೆ, ಒಂದು ಬಡಿತದಿಂದ ಇನ್ನೊಂದರವರೆಗಿನ ಹೊತ್ತಿನ 70–75 ಶೇಕಡಾ ಹಂತದಲ್ಲೇ.

ನಡುವೆ ಸಣಕಲು ಮೈಯವರಿಗೆ ಎಕ್ಸ್‌ರೇ ಟ್ಯೂಬಿನ ವೋಲ್ಟೇಜ್ 120ರ ಬದಲು 100 ಕೆವಿ ಹಾಕಿ ನೋಡಿದೆ. ಅಯೋಡಿನ್ ಇನ್ನೂ ಬೆಳ್ಳಗಾಯಿತು, 60 ಎಂಎಲ್ ಸಾಕಾಯಿತು, ಎಕ್ಸ್‌ರೇ ಡೋಸೂ ಇಳಿಯಿತು. ಸುಣ್ಣಗಟ್ಟಿದ ರಕ್ತನಾಳದ ಮೇಲೆ ಚಿತ್ರದ ಅಂಚು ಚೂಪಾಗಿಸುವ ಸೆಟ್ಟಿಂಗ್ (ಶಾರ್ಪ್ ಕರ್ನಲ್) ಪ್ರಯೋಗಿಸಿದ್ದು ಮಾತ್ರ ಫಲಿಸಲಿಲ್ಲ. ಕ್ಯಾಲ್ಸಿಯಂ ಉಬ್ಬಿ ಕಂಡು ಒಳದಾರಿ ಮುಚ್ಚಿದಂತೆಯೇ ಕಾಣುತ್ತದೆ. ಕ್ಯಾಲ್ಸಿಯಂ ಸ್ಕೋರು ಸಾವಿರ ದಾಟಿದರೆ ಕಾಂಟ್ರಾಸ್ಟ್ ಏರಿಸದೆ ಆ್ಯಂಜಿಯೋಗ್ರಾಂಗೆ ನೇರ ಕ್ಯಾಥ್‌ಲ್ಯಾಬಿಗೆ ಬರೆಯುತ್ತೇನೆ.