ಹತ್ತನೆಯವರು ಬಂದರೆ ಬಾಟ್ಲಿ ಓಪನ್

ಸಾಗರ ತಾಲ್ಲೂಕಿನ ಹೋಬಳಿ ಊರೊಂದರಲ್ಲಿ ನನ್ನದು ಜೆರಾಕ್ಸ್ ಅಂಗಡಿ. ಪಹಣಿ ತೆಗೆಸುವವರು, ಬೆಳೆ ವಿಮೆಗೆ ಅರ್ಜಿ ಹಾಕುವವರು, ಮಕ್ಕಳ ಸ್ಕಾಲರ್‌ಶಿಪ್‌ಗೆ ಓಡಾಡುವವರು, ಇವರೇ ಗಿರಾಕಿಗಳು. ಕೊರೊನಾ ಎರಡನೇ ಅಲೆಗೆ 2021ರ ಏಪ್ರಿಲ್ 27ರ ರಾತ್ರಿಯಿಂದ ರಾಜ್ಯ ಬಂದ್ ಆದಾಗ ದಿನಸಿ, ಹಾಲು, ತರಕಾರಿಯವರಿಗೆ ಬೆಳಿಗ್ಗೆ ಆರರಿಂದ ಹತ್ತರವರೆಗೆ ಬಾಗಿಲು ತೆರೆಯಲು ಬಿಟ್ಟರು. ಜೆರಾಕ್ಸ್ ಯಾವ ಪಟ್ಟಿಯಲ್ಲೂ ಇರಲಿಲ್ಲ. ಹಿಂದಿನ ವರ್ಷವೂ ಹೀಗೇ ಕೂತಿದ್ದೆವು, ಆದರೆ ಆಗ ಕಾಯಲು ಏನೂ ಇರಲಿಲ್ಲ. ಈ ಸಲ ಲಸಿಕೆ ಅನ್ನುವುದೊಂದು ಇತ್ತು, ಸಿಗುತ್ತಿರಲಿಲ್ಲ ಅಷ್ಟೇ.

ಅಂಗಡಿ ಮುಚ್ಚಿದರೂ ನನ್ನ ನಂಬರ್ ಎಲ್ಲರ ಹತ್ತಿರವೂ ಇತ್ತಲ್ಲ. ಮೇ ಮೊದಲ ವಾರದಿಂದಲೇ ಫೋನ್ ಶುರುವಾಯಿತು. 'ತಮಾ, ನಮ್ಮ ಹೆಸರೊಂದು ಆ ಕೋವಿನ್ನಿಗೆ ಹಾಕಿಕೊಡು.' ಕೋವಿನ್ ಎಂದರೆ ಲಸಿಕೆಗೆ ಹೆಸರು ನೋಂದಾಯಿಸುವ ಸರ್ಕಾರದ ವೆಬ್‌ಸೈಟು. ಹಾಕಿಕೊಡುವುದೇನೋ ಸುಲಭ, ಆದರೆ ಓಟಿಪಿ ಬರುವುದು ಅವರ ಮೊಬೈಲಿಗೆ. ನಾನು ಮನೆ ಹಿಂದಿನ ಗುಡ್ಡದ ಮೇಲೆ, ಸಿಗ್ನಲ್ ಸಿಗುವ ಒಂದೇ ಒಂದು ಹಲಸಿನ ಮರದ ಬುಡದಲ್ಲಿ. ಅವರು ತೋಟದಲ್ಲಿ, ಅಲ್ಲಿ ಸಿಗ್ನಲ್ ಇಲ್ಲ. ಓಟಿಪಿಗೆ ಇದ್ದ ಸಮಯ 180 ಸೆಕೆಂಡು. ಕೆಲವರದ್ದಂತೂ ಇನ್ನೂ ಚೆಂದ: ಫೋನ್ ಇಲ್ಲಿ, ಸಿಮ್ ಬೆಂಗಳೂರಿನಲ್ಲಿರುವ ಮಗನ ಕೈಯಲ್ಲಿ. ಮಗನಿಗೆ ಫೋನ್ ಮಾಡಿ, ಮೀಟಿಂಗಿನಿಂದ ಎಬ್ಬಿಸಿ, ಆರು ಅಂಕಿ ಕೇಳಿಕೊಳ್ಳುವಷ್ಟರಲ್ಲಿ ಸಮಯ ಮುಗಿದಿರುತ್ತಿತ್ತು.

ಒಂದು ಮೊಬೈಲ್ ನಂಬರಿನಲ್ಲಿ ನಾಲ್ಕು ಜನರನ್ನು ಸೇರಿಸಬಹುದು ಎಂದು ಗೊತ್ತಾದ ಮೇಲೆ ದಾರಿ ಸರಿಯಾಯಿತು. ನನ್ನದು, ಹೆಂಡತಿಯದು, ತಮ್ಮನದು, ಅಂಗಡಿಯ ಹಳೆಯ ಸಿಮ್ಮು, ಎಲ್ಲವನ್ನೂ ಇದಕ್ಕೇ ಬಿಟ್ಟೆವು. ಯಾರು ಯಾವ ನಂಬರಿನಲ್ಲಿದ್ದಾರೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ: ಹೆಸರು, ಹುಟ್ಟಿದ ವರ್ಷ, ಆಧಾರ್ ಇಲ್ಲವೇ ವೋಟರ್ ಕಾರ್ಡು, ನಾಲ್ಕಂಕಿಯ ಕೋಡು. ಬುಕ್ ಮಾಡಿದವರಿಗೆ ಆ ಕೋಡು ಕೊಡುವ ಪದ್ಧತಿ ಮೇ 8ರಿಂದ ಬಂದಿತ್ತು, ಚುಚ್ಚುವ ಮುಂಚೆ ಅದನ್ನು ಹೇಳಬೇಕಿತ್ತು. ನಮ್ಮ ಕಡೆಯ ಅಜ್ಜಂದಿರಿಗೆ ಅದು ನೆನಪಿರುವ ಮಾತೇ ಅಲ್ಲ. ಕೆಲವರ ಅಂಗೈ ಮೇಲೆಯೇ ಪೆನ್ನಿನಲ್ಲಿ ಬರೆದು ಕಳಿಸಿದ್ದೇನೆ.

ಹದಿನೆಂಟರಿಂದ ನಲವತ್ನಾಲ್ಕರವರ ಕಥೆ ಬೇರೆ. ತಾಲ್ಲೂಕು ಕೇಂದ್ರದ ಸ್ಲಾಟು ತೆರೆದದ್ದೂ ಗೊತ್ತಾಗದು, ಮುಗಿದದ್ದೂ ಗೊತ್ತಾಗದು. ಅಷ್ಟರಲ್ಲಿ ಮೇ 14ರಿಂದ ಸರ್ಕಾರವೇ ಆ ವಯಸ್ಸಿನವರಿಗೆ ಸದ್ಯಕ್ಕೆ ಇಲ್ಲ ಎಂದಿತು, ಇದ್ದದ್ದು ಎರಡನೇ ಡೋಸಿನವರಿಗೆ ಬೇಕಾಗಿತ್ತು. ಅದೇ ಸುಮಾರಿಗೆ ತೌಕ್ತೆ ಚಂಡಮಾರುತ ಬಂದು ಕರೆಂಟೂ ಹೋಯಿತು, ಟವರಿನ ಬ್ಯಾಟರಿ ಮುಗಿದು ಹಲಸಿನ ಮರದ ಸಿಗ್ನಲ್ಲೂ ಹೋಯಿತು. ನಿಜ ಹೇಳಬೇಕೆಂದರೆ, ನನಗೆ ಸಮಾಧಾನವೇ ಆಯಿತು.

ನಲವತ್ತೈದು ದಾಟಿದವರಿಗೆ ಸ್ಲಾಟೇ ಬೇಕಿರಲಿಲ್ಲ. ನೇರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ಅಲ್ಲೇ ಹೆಸರು ಬರೆದುಕೊಂಡು ಹಾಕುತ್ತಿದ್ದರು. ಆದರೂ ಹೋದವರು ವಾಪಸ್ ಬರುತ್ತಿದ್ದರು. ಯಾಕೆಂದು ನಮ್ಮೂರ ಆಶಾ ಕಾರ್ಯಕರ್ತೆ, ನಮ್ಮ ಆಶಾ ಅಕ್ಕನನ್ನು ಕೇಳಿದಾಗ ವಿಷಯ ತಿಳಿಯಿತು. ಕೋವಿಶೀಲ್ಡ್ ಲಸಿಕೆಯ ಒಂದು ಬಾಟ್ಲಿಯಲ್ಲಿ ಹತ್ತು ಡೋಸು. ಒಮ್ಮೆ ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ಚೆಲ್ಲಿದ್ದಕ್ಕೆ ಸಿಸ್ಟರ್ ಮೇಲಿನವರಿಗೆ ಲೆಕ್ಕ ಕೊಡಬೇಕು. ಹಾಗಾಗಿ ಐದು ಜನ ಬಂದರೆ ಬಾಟ್ಲಿ ತೆರೆಯುವುದಿಲ್ಲ, ಇನ್ನೂ ಐದು ಜನ ಬರುವವರೆಗೆ ಕೂರಿಸುತ್ತಾರೆ. ಅಷ್ಟು ಹೊತ್ತು ಕೂತು ಬೇಜಾರಾಗಿ ಇಬ್ಬರು ಎದ್ದು ಹೋದರೆ ಮೂವರು ಉಳಿದರು.

ಅಲ್ಲಿಂದ ಮುಂದೆ ಕೋವಿನ್ ಬಿಟ್ಟು ಆಶಾ ಅಕ್ಕನ ಜೊತೆ ಸೇರಿದೆ. ಮನೆಮನೆ ಸರ್ವೆಯ ಅವರ ಪುಸ್ತಕ, ನನ್ನ ನೋಟ್‌ಬುಕ್ಕು, ಎರಡನ್ನೂ ಇಟ್ಟುಕೊಂಡು ಕೇರಿವಾರು ಹತ್ತತ್ತು ಜನರ ಗುಂಪು ಮಾಡಿದೆವು, ಪ್ರತಿ ಗುಂಪಿಗೂ ಇಬ್ಬರು ಮೂವರು ಹೆಚ್ಚುವರಿ. ಹಿಂದಿನ ಸಂಜೆ ಫೋನು, ಬೆಳಿಗ್ಗೆ ಇನ್ನೊಂದು ಫೋನು. ಯಾರ ಜೀಪು ಬರುತ್ತದೆ, ಯಾರು ಯಾರ ಬೈಕಿನಲ್ಲಿ, ಅದೂ ತೀರ್ಮಾನ.

ಬರುವುದಿಲ್ಲ ಎನ್ನುವವರೆಲ್ಲ ಹೆದರಿದವರೇನಲ್ಲ. ಮೇ ಕೊನೆ, ಜೂನ್ ಮೊದಲು ಎಂದರೆ ನಮ್ಮಲ್ಲಿ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ಕಾಲ. ಮಳೆ ಹಿಡಿಯುವ ಮುಂಚೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಗೊನೆಗೆ ಬೀಳದಿದ್ದರೆ ವರ್ಷದ ಫಸಲು ಕಾಯಿ ಕಾಯಿ ಉದುರುತ್ತದೆ. ಚುಚ್ಚಿಸಿಕೊಂಡರೆ ಒಂದೆರಡು ದಿನ ಮೈಕೈ ನೋವು, ಜ್ವರ ಎಂದು ಊರಿಗೆಲ್ಲ ಗೊತ್ತು. ಮರ ಹತ್ತುವವನಿಗೆ ಆ ಎರಡು ದಿನ ಹೋದರೆ ಕೂಲಿಯೂ ಹೋಯಿತು, ಎದುರು ಮನೆಯವರ ತೋಟವೂ ಹೋಯಿತು. ಅದಕ್ಕೆ ಔಷಧಿ ಹೊಡೆಯುವವರನ್ನು ಬೇರೆ ಪಟ್ಟಿ ಮಾಡಿ, ಮಳೆ ಜೋರಾಗಿ ಕೆಲಸ ನಿಂತ ದಿನ ಕರೆಯುತ್ತಿದ್ದೆವು. ಅಂಥ ದಿನ ಸೆಂಟರಿನ ಬೆಂಚಿನ ಮೇಲೆ ನೋಡಬೇಕಿತ್ತು, ಸಾಲಾಗಿ ಕೂತವರ ಅಂಗಿ ತೋಳೆಲ್ಲ ಮೈಲುತುತ್ತದ ನೀಲಿ, ಉಗುರು ಸಂದಿಯಲ್ಲಿ ಸುಣ್ಣ.

ಲಸಿಕೆ ಎಂಬುದೇ ನಮ್ಮ ಕಡೆ ಹೊಸತಲ್ಲ. ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಂಡ ಮಂಗನ ಕಾಯಿಲೆ ಇವತ್ತಿಗೂ ಬಿಟ್ಟಿಲ್ಲ. 2018-19ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಜನ ಸತ್ತದ್ದು ಎಲ್ಲರಿಗೂ ನೆನಪಿದೆ. ಅದರ ಚುಚ್ಚುಮದ್ದು ಹಾಕಿಸಿಕೊಂಡವರಿಗೆ ಎರಡು ಡೋಸು, ಬೂಸ್ಟರು ಎಂದರೆ ವಿವರಿಸಬೇಕಾಗಿರಲಿಲ್ಲ. 'ಅದರಷ್ಟು ಉರಿಯೋದಿಲ್ಲ ಕಣೇ ಇದು' ಎಂದು ಒಬ್ಬ ಅಜ್ಜಿ ಇನ್ನೊಬ್ಬ ಅಜ್ಜಿಗೆ ಹೇಳಿದ ಮಾತು, ನಾನು ವಾಟ್ಸ್ಆ್ಯಪಿನಲ್ಲಿ ಹಂಚಿದ ಎಲ್ಲ ವಿಡಿಯೊಗಿಂತ ಹೆಚ್ಚು ಕೆಲಸ ಮಾಡಿತು.

ಒಂದು ದಿನ ಒಂಬತ್ತು ಜನಕ್ಕೆ ನಿಂತಿತು. ಹೆಚ್ಚುವರಿಯವರೂ ಕೈಕೊಟ್ಟರು. ಸಿಸ್ಟರ್ ಗಡಿಯಾರ ನೋಡಿ, 'ಹತ್ತನೆಯವರು ಬಂದರೆ ಬಾಟ್ಲಿ ಓಪನ್ ಮಾಡ್ತೀನಿ, ಇಲ್ಲಾಂದ್ರೆ ನಾಳೆ' ಎಂದರು. ಕೂತವರಲ್ಲಿ ಇಬ್ಬರು ಮುದುಕರು, ಎರಡು ಮೈಲಿ ನಡೆದು ಬಂದವರು. ಸಕ್ಕರೆ ಕಾಯಿಲೆ ಇದೆ, ನನಗೆ ಬೇಡವೇ ಬೇಡ ಎಂದು ತಿಂಗಳಿಂದ ತಪ್ಪಿಸಿಕೊಳ್ಳುತ್ತಿದ್ದ ಚಹಾ ಅಂಗಡಿ ಗೌಡರಿಗೆ ಫೋನ್ ಮಾಡಿದೆ. ಸಕ್ಕರೆ ಕಾಯಿಲೆಯವರಿಗೇ ಇದು ಮೊದಲು ಬೇಕು ಎಂದು ಎಷ್ಟೋ ಸಲ ಹೇಳಿ ಸೋತಿದ್ದೆ. ಈ ಸಲ ಆ ಮಾತೇ ಎತ್ತಲಿಲ್ಲ.

'ಗೌಡ್ರೇ, ಒಂದು ಜನ ಕಡಿಮೆ ಇದೆ. ನೀವು ಬಂದರೆ ಇಲ್ಲಿ ಕೂತ ಒಂಬತ್ತು ಜನಕ್ಕೆ ಉಪಕಾರ ಆಗ್ತದೆ.'

'ಯಾರ್‍ಯಾರು ಕೂತಿದಾರೆ?' ಎಂದರು. ಹೆಸರು ಹೇಳಿದೆ. ಸ್ವಲ್ಪ ಹೊತ್ತಿಗೆ ಲುಂಗಿಯಲ್ಲೇ ಬಂದರು. ಚುಚ್ಚಿದ ಮೇಲೆ ಅರ್ಧ ಗಂಟೆ ಕೂರಬೇಕು ಎಂದಾಗ ಮಾತ್ರ, 'ಇದು ಮೊದಲೇ ಹೇಳ್ಬೇಕಿತ್ತು ಮಾರಾಯಾ' ಎಂದು ರೇಗಿದರು. ಆಮೇಲೆ ನನ್ನ ಫೋನಿನ ಧಾಟಿಯೇ ಬದಲಾಯಿತು. ನಿಮ್ಮ ಒಳ್ಳೆಯದಕ್ಕೆ ಎಂದರೆ ಜನ ವಾದ ಮಾಡುತ್ತಾರೆ, ಸ್ವಲ್ಪ ಸಹಾಯ ಬೇಕಿತ್ತು ಎಂದರೆ ಬರುತ್ತಾರೆ.

ನಮ್ಮ ಅಪ್ಪಯ್ಯನದು ಬೇರೆಯೇ ತಾಪತ್ರಯ. ಏಪ್ರಿಲಿನಲ್ಲಿ ಮೊದಲ ಡೋಸು ಆಗಿತ್ತು. ಆರರಿಂದ ಎಂಟು ವಾರಕ್ಕೆ ಎರಡನೆಯದು ಎಂದಿದ್ದರು, ಕ್ಯಾಲೆಂಡರಿನಲ್ಲಿ ಗುರುತೂ ಹಾಕಿದ್ದರು. ಮೇ 13ಕ್ಕೆ ಅಂತರ 12ರಿಂದ 16 ವಾರ ಎಂದಾಯಿತು. 'ಇವರ ಹತ್ತಿರ ಸ್ಟಾಕ್ ಇಲ್ಲ, ಅದಕ್ಕೇ ಈ ನಾಟಕ' ಎಂದು ದಿನಾ ಬೆಳಿಗ್ಗೆ ಪೇಪರ್ ಹಿಡಿದು ಬಯ್ಯುವುದು. ಅಂತರ ಹೆಚ್ಚಾದರೆ ಪರಿಣಾಮ ಹೆಚ್ಚು ಎಂಬ ಅಧ್ಯಯನ ಹೊರಗಿನ ದೇಶದಲ್ಲಿ ಆಗಿದ್ದು ನಿಜ, ಸ್ಟಾಕ್ ಇರಲಿಲ್ಲ ಎಂಬುದೂ ನಿಜ. ಎರಡನ್ನೂ ಹೇಳಿದೆ. ಗುರುತು ಜುಲೈ ಪುಟಕ್ಕೆ ಹೋಯಿತು.

ಇಷ್ಟರ ನಡುವೆ ಅಂಗಡಿಯ ಮೆಷಿನ್ನಿನ ಚಿಂತೆ. ಮಲೆನಾಡಿನ ಮಳೆಗಾಲದಲ್ಲಿ ಜೆರಾಕ್ಸ್ ಮೆಷಿನ್ನು ಸುಮ್ಮನೆ ಬಿಟ್ಟರೆ ಒಳಗೆ ಬೂಷ್ಟು, ಪೇಪರ್ ಹಪ್ಪಳದ ಹಿಟ್ಟಿನಂತೆ ಮೆತ್ತಗೆ. ದಿನಸಿಗೆ ಬಿಟ್ಟ ಹೊತ್ತಿನಲ್ಲಿ ಹೋಗಿ, ಅರ್ಧ ಶಟರ್ ಎತ್ತಿ, ಮೆಷಿನ್ ಬಿಸಿ ಮಾಡಿ ಖಾಲಿ ಹಾಳೆ ಓಡಿಸುತ್ತಿದ್ದೆ. ಪೇಪರಿನ ಕಪಾಟಿನಲ್ಲಿ ಅರವತ್ತು ವಾಟಿನ ಹಳೇ ಬಲ್ಬು ಹಗಲೂ ರಾತ್ರಿ. ಬಾಡಿಗೆ ಅರ್ಧ ಕೊಡು ಸಾಕು ಎಂದರು ಕಟ್ಟಡದ ಯಜಮಾನರು, ಕೇಳದೆಯೇ.

ಜೂನ್ 14ಕ್ಕೆ ಬೆಂಗಳೂರು ನಗರ ಸೇರಿ ಹೆಚ್ಚಿನ ಕಡೆ ಸಡಿಲವಾಯಿತು. ಸೋಂಕು ಇಳಿಯದ ಹನ್ನೊಂದು ಜಿಲ್ಲೆಗಳಿಗೆ ಇಲ್ಲ ಎಂದರು, ಅದರಲ್ಲಿ ಶಿವಮೊಗ್ಗವೂ ಇತ್ತು. ಜುಲೈ 5ಕ್ಕೆ ಹೆಚ್ಚುಕಡಿಮೆ ರಾಜ್ಯವೆಲ್ಲ ತೆರೆಯಿತು. ಮೊದಲು ಬಂದವರು ಎಸ್ಸೆಸ್ಸೆಲ್ಸಿ ಮಕ್ಕಳು, 19 ಮತ್ತು 22ಕ್ಕೆ ಪರೀಕ್ಷೆ. ಅವರ ಹಿಂದೆಯೇ ಬಂದದ್ದು ನಾನು ಎಣಿಸದೇ ಇದ್ದ ವ್ಯಾಪಾರ: ಲಸಿಕೆ ಸರ್ಟಿಫಿಕೇಟಿನ ಪ್ರಿಂಟು, ಲ್ಯಾಮಿನೇಶನ್ನು. ಮೊಬೈಲಿನಲ್ಲಿದ್ದರೆ ಸಾಕು ಎಂದರೂ ಯಾರೂ ಕೇಳಲಿಲ್ಲ, ಕೈಯಲ್ಲಿ ಹಿಡಿಯುವಂಥದ್ದೇ ಆಗಬೇಕು.

ಅದರಲ್ಲಿ ಹೆಸರಿನ ತಪ್ಪೋ ತಪ್ಪು. ಆಧಾರಿನಲ್ಲಿ ಒಂದು, ವೋಟರ್ ಕಾರ್ಡಿನಲ್ಲಿ ಇನ್ನೊಂದು, ಗಡಿಬಿಡಿಯಲ್ಲಿ ಸೆಂಟರಿನವರು ಹೊಡೆದದ್ದು ಮೂರನೆಯದು. ಕೋವಿನ್‌ನಲ್ಲಿ ಅದನ್ನು ತಿದ್ದಲು ಬಿಟ್ಟಿದ್ದು ಒಂದೇ ಸಲ. ಹಾಗಾಗಿ ಗೌಡರ ಸರ್ಟಿಫಿಕೇಟ್ ತೆರೆದಾಗ ಆಧಾರ್ ಕಾರ್ಡನ್ನು ಕೀಬೋರ್ಡಿನ ಪಕ್ಕದಲ್ಲಿಟ್ಟು, ಒಂದೊಂದೇ ಅಕ್ಷರ ಅವರಿಂದಲೇ ಓದಿಸಿ, ಆಮೇಲೆ ಸಬ್‌ಮಿಟ್ ಒತ್ತಿದೆ. ಲ್ಯಾಮಿನೇಶನ್ನಿಗೆ ಇಪ್ಪತ್ತು ರೂಪಾಯಿ ಎಂದರೆ, 'ಅವತ್ತು ನಾನು ಮಾಡಿದ ಉಪಕಾರ?' ಎಂದರು. ಹದಿನೈದಕ್ಕೆ ಮುಗಿಯಿತು.