ಹಳೆಯ ಕಾರಿನ ಹೊಗೆ: ಎಂಜಿನ್ ಬಿಚ್ಚಿಸುವ ಮೊದಲು ನೋಡಬೇಕಾದ ಪೈಪ್

ಹಳೆಯ ಕಾರಿನ ಸೈಲೆನ್ಸರಿನಿಂದ ನೀಲಿ ಹೊಗೆ ಬರತೊಡಗಿದರೆ ಬೆಳಗಾವಿಯ ಗ್ಯಾರೇಜುಗಳಲ್ಲಿ ಮೊದಲು ಕೇಳಿಬರುವುದು ‘ರಿಂಗ್ ಹೋಗ್ಯಾವ್ರಿ, ಎಂಜಿನ್ ಕೆಲಸ ಮಾಡಸಬೇಕು’ ಎಂಬ ಮಾತು. ರಿಂಗೆಂದರೆ ಪಿಸ್ಟನ್ನಿನ ಸುತ್ತ ಸಿಲಿಂಡರಿಗೆ ಒತ್ತಿಕೊಂಡಿರುವ ಲೋಹದ ಬಳೆ. ಎಷ್ಟೋ ಸಲ ಅದು ನಿಜವೇ ಆಗಿರುತ್ತದೆ. ಆದರೆ ಎಂಜಿನ್ನಿನೊಳಗಿನ ಅನಿಲವನ್ನು ಹೊರಸೆಳೆಯುವ ಅಗ್ಗದ ಒಂದು ಪಿಸಿವಿ ವಾಲ್ವ್ ಅಥವಾ ಅದಕ್ಕೆ ಸೇರಿದ ಗೇಣುದ್ದದ ರಬ್ಬರ್ ಪೈಪ್ ಕಟ್ಟಿಕೊಂಡಾಗಲೂ ಹೊಗೆಯ ಬಣ್ಣ ಅದೇ ನೀಲಿ. ಆದ್ದರಿಂದ ಎಂಜಿನ್ ಇಳಿಸಲು ಒಪ್ಪುವ ಮೊದಲು ಅರ್ಧ ದಿನವನ್ನು ಪರೀಕ್ಷೆಗೆಂದು ತೆಗೆದಿಡಬೇಕು.

ರಿಂಗುಗಳು ಎಷ್ಟೇ ಹೊಸದಾಗಿದ್ದರೂ ಉರಿದ ಅನಿಲದ ಸ್ವಲ್ಪ ಪಾಲು ಅವುಗಳ ಸಂದಿಯಿಂದ ಕೆಳಗೆ ಆಯಿಲ್ ಇರುವ ಕಡೆಗೆ ಇಳಿದೇ ಇಳಿಯುತ್ತದೆ. ಮಿಸ್ತ್ರಿಗಳು ಬ್ಯಾಕ್ ಕಂಪ್ರೆಶನ್ ಎನ್ನುವುದು ಇದನ್ನೇ. ತೀರ ಹಳೆಯ ಗಾಡಿಗಳಲ್ಲಿ ಈ ಅನಿಲವನ್ನು ಹೊರಬಿಡುವ ಬ್ರೀದರ್ ಪೈಪಿನ ತುದಿ ನೆಲದ ಕಡೆಗೆ ತೆರೆದಿರುತ್ತಿತ್ತು. ನಂತರದ ಗಾಡಿಗಳಲ್ಲಿ ಅದು ಏರ್ ಕ್ಲೀನರಿಗೋ, ಪಿಸಿವಿ ವಾಲ್ವಿನ ಮೂಲಕ ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿಗೋ ಸೇರಿ ಮತ್ತೆ ಉರಿಯುತ್ತದೆ. ವಾಲ್ವಿನೊಳಗೆ ಸ್ಪ್ರಿಂಗಿಗೆ ಒರಗಿದ ಲೋಹದ ಬಿರಡೆಯೊಂದಿದೆ. ಐಡ್ಲಿಂಗ್‌ನಲ್ಲಿ ಮ್ಯಾನಿಫೋಲ್ಡಿನ ಸೆಳೆತ ಹೆಚ್ಚಿರುವುದರಿಂದ ಬಿರಡೆ ಎಳೆದುಕೊಂಡು ದಾರಿ ಕಿರಿದಾಗುತ್ತದೆ, ಗಾಡಿ ಓಡುವಾಗ ಸೆಳೆತ ಇಳಿದು ದಾರಿ ಅಗಲವಾಗುತ್ತದೆ. ಈ ಬಿರಡೆ ಮುಚ್ಚಿದ ಸ್ಥಿತಿಯಲ್ಲಿ ಅಂಟಿಕೊಂಡರೆ ಒಳಗೆ ಒತ್ತಡ ಕೂಡಿ ಆಯಿಲ್ ಸೀಲುಗಳಿಂದ ಜಿನುಗುತ್ತದೆ, ಏರ್ ಕ್ಲೀನರಿಗೆ ನುಗ್ಗುತ್ತದೆ, ಕೆಲವೊಮ್ಮೆ ಡಿಪ್‌ಸ್ಟಿಕ್ಕನ್ನೇ ಮೇಲಕ್ಕೆ ತಳ್ಳುತ್ತದೆ. ತೆರೆದ ಸ್ಥಿತಿಯಲ್ಲಿ ಅಂಟಿಕೊಂಡರೆ ಐಡ್ಲಿಂಗ್ ತಡವರಿಸುವುದಲ್ಲದೆ ಮ್ಯಾನಿಫೋಲ್ಡು ಆಯಿಲನ್ನೂ ಹೀರಿಕೊಳ್ಳುತ್ತದೆ. ಹೀಗೆ ಆಯಿಲ್ ಉರಿದಾಗ ಬರುವುದೇ ನೀಲಿ ಹೊಗೆ.

ಬಿಳಿ ಮತ್ತು ಕಪ್ಪು ಹೊಗೆಯ ವಿಷಯವನ್ನು ಮೊದಲು ಮುಗಿಸೋಣ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಹುಟ್ಟುತ್ತದೆಯಾದ್ದರಿಂದ ಡಿಸೆಂಬರಿನ ಬೆಳಗಿನಲ್ಲಿ ಕಾಣುವ ಬಿಳಿ ಹೊಗೆ ಬರಿಯ ಹಬೆ, ಎಂಜಿನ್ ಕಾದ ಮೇಲೆ ಅದು ಇಲ್ಲವಾಗುತ್ತದೆ. ಕಾದ ಮೇಲೂ ದಟ್ಟವಾಗಿ ಬಂದು, ಕೂಲಂಟಿನ ಸಿಹಿ ವಾಸನೆ ಇದ್ದು, ರೇಡಿಯೇಟರಿನ ನೀರು ಕಡಿಮೆಯಾಗುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ಟನ್ನು, ಎಂದರೆ ಎಂಜಿನ್ನಿನ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲನ್ನು, ಶಂಕಿಸಬೇಕು. ಇಲ್ಲೊಂದು ಮೋಸವಿದೆ. ಮಳೆಗಾಲದಲ್ಲಿ ಟಿಳಕವಾಡಿಯಿಂದ ಖಡೇಬಜಾರಿಗೆ ಹೋಗಿಬರುವಷ್ಟೇ ಓಡುವ ಕಾರಿನ ಎಂಜಿನ್ ಪೂರ್ತಿ ಕಾಯುವುದೇ ಇಲ್ಲ. ಒಳಗಿನ ಹಬೆ ಹೊರಹೋಗದೆ ಆಯಿಲ್ ಮುಚ್ಚಳದ ಕೆಳಗೆ ಕೆನೆಯಂತಹ ಪದಾರ್ಥ ಕಟ್ಟುತ್ತದೆ, ಬ್ರೀದರ್ ಮುಚ್ಚಿದ್ದರೆ ಇನ್ನೂ ಹೆಚ್ಚು. ಡಿಪ್‌ಸ್ಟಿಕ್ಕಿನ ಮೇಲಿನ ಆಯಿಲ್ ಸ್ವಚ್ಛವಾಗಿದ್ದು ಕೂಲಂಟ್ ಮಟ್ಟ ಇಳಿಯದಿದ್ದರೆ ಗ್ಯಾಸ್ಕೆಟ್ಟಿನ ಮೇಲೆ ಅನುಮಾನ ಪಡಬೇಕಾಗಿಲ್ಲ. ಕಪ್ಪು ಹೊಗೆಯೆಂದರೆ ಗಾಳಿಗಿಂತ ಪೆಟ್ರೋಲ್ ಹೆಚ್ಚಾಗಿದೆ ಎಂದರ್ಥ: ಚೋಕ್ ಸಿಕ್ಕಿಕೊಂಡಿರಬಹುದು, ಕಾರ್ಬುರೇಟರಿನ ಫ್ಲೋಟ್ ಮಟ್ಟ ಏರಿರಬಹುದು, ಅಥವಾ ಏರ್ ಫಿಲ್ಟರ್ ಕಟ್ಟಿರಬಹುದು. ವಿಜಯಪುರದ ಕಡೆ ಎರೆಮಣ್ಣಿನ ದಾರಿಗಳಲ್ಲಿ ಓಡಾಡುವವರು ಮೊದಲು ಫಿಲ್ಟರನ್ನೇ ನೋಡಲಿ, ಏಕೆಂದರೆ ಕಟ್ಟಿದ ಫಿಲ್ಟರ್ ಬ್ರೀದರಿನಿಂದ ಆಯಿಲ್ ಆವಿಯನ್ನೂ ಜೋರಾಗಿ ಸೆಳೆಯುತ್ತದೆ.

ನೀಲಿ ಹೊಗೆಯಲ್ಲಿ ಅದು ಯಾವಾಗ ಬರುತ್ತದೆ ಎಂಬುದೇ ಮುಖ್ಯ. ರಾತ್ರಿ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆದಾಗ ಒಂದು ಬುಸ್ಸು ಹೊಗೆ ಬಿಟ್ಟು ಸುಮ್ಮನಾದರೆ ವಾಲ್ವ್ ಸೀಲ್ ಸವೆದಿದೆ (ಇಲ್ಲಿ ವಾಲ್ವೆಂದರೆ ಪಿಸಿವಿ ಅಲ್ಲ, ಸಿಲಿಂಡರಿನ ಮೇಲೆ ತೆರೆದು ಮುಚ್ಚುವ ಎಂಜಿನ್ ವಾಲ್ವ್). ಚನ್ನಮ್ಮ ವೃತ್ತದಲ್ಲಿ ಎರಡು ನಿಮಿಷ ನಿಂತು ಹೊರಟಾಗ ಬರುವ ಹೊಗೆಯೂ ಬಹುಪಾಲು ಅದೇ. ಇದನ್ನು ಖಚಿತಪಡಿಸಿಕೊಳ್ಳಲು ವಂಟಮುರಿ ಘಾಟ್ ಒಳ್ಳೆಯ ಜಾಗ. ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಇಳಿದು, ಇಳಿಜಾರು ಮುಗಿದಲ್ಲಿ ಮತ್ತೆ ಒತ್ತಬೇಕು, ಹಿಂದಿನ ವಾಹನದಲ್ಲಿರುವ ಗೆಳೆಯರೊಬ್ಬರು ಸೈಲೆನ್ಸರನ್ನು ಗಮನಿಸಬೇಕು. ಇಳಿಯುವಾಗ ಸೆಳೆತ ತೀವ್ರವಾಗಿರುವುದರಿಂದ ಆ ವಾಲ್ವುಗಳ ಕಡ್ಡಿ ಆಡುವ ಗೈಡುಗಳಿಂದ ಸೋರಿದ ಆಯಿಲ್ ಒತ್ತಿದ ಕ್ಷಣದಲ್ಲಿ ಒಮ್ಮೆಲೇ ಉರಿಯುತ್ತದೆ. ಅದಕ್ಕೆ ಬದಲಾಗಿ ಘಾಟ್ ಏರುವಾಗ, ಭಾರ ಬಿದ್ದಷ್ಟೂ ಹೊಗೆ ಹೆಚ್ಚುತ್ತಿದ್ದರೆ ರಿಂಗುಗಳ ಕಡೆ ನೋಡಬೇಕು. ಎಲ್ಲ ಹೊತ್ತಿನಲ್ಲೂ ಒಂದೇ ಸಮನಾಗಿ ಬರುತ್ತಿದ್ದರೆ ಮೊದಲ ಅನುಮಾನ ಬ್ರೀದರಿನ ಮೇಲೆ, ಮತ್ತು, ಹೇಳಲು ಸಂಕೋಚವಾದರೂ, ಗುರುತಿಗಿಂತ ಮೇಲೆ ತುಂಬಿಸಿದ ಆಯಿಲಿನ ಮೇಲೆ.

ಬ್ರೀದರನ್ನು ಪರೀಕ್ಷಿಸಲು ಎಂಜಿನ್ ಕಾಯಿಸಿ, ಐಡ್ಲಿಂಗ್‌ನಲ್ಲಿ ಬಿಟ್ಟು, ಆಯಿಲ್ ಮುಚ್ಚಳ ತೆಗೆದು ಆ ಬಾಯಿಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ಇಡಿ. ಪಿಸಿವಿ ಸರಿಯಿದ್ದರೆ ಹಾಳೆ ಮೆಲ್ಲಗೆ ಒಳಕ್ಕೆ ಎಳೆದುಕೊಳ್ಳುತ್ತದೆ ಅಥವಾ ಅಲುಗದೆ ಇರುತ್ತದೆ. ಹಾರಿಹೋದರೆ ಒಳಗೆ ಒತ್ತಡವಿದೆ. ನಂತರ ಪಿಸಿವಿ ವಾಲ್ವನ್ನು ಅದರ ರಬ್ಬರ್ ಬಳೆಯಿಂದ ಎಳೆದು ತುದಿಗೆ ಬೆರಳಿಡಿ: ಬೆರಳನ್ನು ಸೆಳೆಯಬೇಕು, ಎಂಜಿನ್ನಿನ ಸದ್ದು ತುಸು ಇಳಿಯಬೇಕು. ಸೆಳೆತ ಇಲ್ಲದಿದ್ದರೆ ವಾಲ್ವೋ ಪೈಪೋ ಕಟ್ಟಿದೆ. ಎಂಜಿನ್ ಆಫ್ ಮಾಡಿ ವಾಲ್ವನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಟಿಕ್‌ಟಿಕ್ ಎನ್ನಬೇಕು, ಆದರೆ ಸ್ಪ್ರಿಂಗ್ ಸೋತ ವಾಲ್ವೂ ಹಾಗೆಯೇ ಸದ್ದು ಮಾಡುತ್ತದೆಯಾದ್ದರಿಂದ ಅದೊಂದನ್ನೇ ನಂಬಬಾರದು. ಚಿಕ್ಕ ಪೈಪ್ ಸಿಕ್ಕಿಸಿ ಎಂಜಿನ್ ಕಡೆಯ ತುದಿಯಿಂದ ಊದಿದರೆ ಗಾಳಿ ಸಲೀಸಾಗಿ ಹೋಗಬೇಕು, ಮ್ಯಾನಿಫೋಲ್ಡ್ ಕಡೆಯಿಂದ ಊದಿದರೆ ಕಷ್ಟಪಟ್ಟು ಹೋಗಬೇಕು. ಬಾಯಿಂದ ಎಂದೂ ಹೀರಬೇಡಿ, ಒಳಗಿರುವುದು ವಿಷ.

ನನ್ನ ಮೂರು ಸಿಲಿಂಡರಿನ ಕಾರಿಗೆ ಗ್ಯಾರೇಜೊಂದು ಫುಲ್ ಎಂಜಿನ್ ಕೆಲಸವನ್ನೇ ಬರೆದುಕೊಟ್ಟಿತ್ತು. ಎಂಜಿನ್ ಮೇಲಿನ ಟ್ಯಾಪೆಟ್ ಕವರಿನಿಂದ ಹೊರಟ ಬ್ರೀದರ್ ಪೈಪ್ ಹೊರನೋಟಕ್ಕೆ ನೆಟ್ಟಗಿತ್ತು. ಬಿಚ್ಚಿ ಸೈಕಲ್ ಕಡ್ಡಿ ತೂರಿಸಿದಾಗ ಬಾಗಿದ ಜಾಗದಲ್ಲಿ ಕಡ್ಡಿ ನಿಂತಿತು. ಬ್ಲೇಡಿನಿಂದ ಸೀಳಿದರೆ ಒಳಪದರ ಉಬ್ಬಿ, ಉಳಿದ ಸಂದಿಯಲ್ಲಿ ಕಪ್ಪು ಗಸಿ ಗಾಣದ ಕೊಪ್ಪರಿಗೆಯ ತಳಕ್ಕೆ ಹತ್ತಿದ ಪಾಕದಂತೆ ಗಟ್ಟಿಯಾಗಿತ್ತು. ಇಂತಹ ಕಡೆ ಹೊಲದ ಡ್ರಿಪ್ ಪೈಪಿನ ತುಂಡು ಸಿಕ್ಕಿಸುವವರನ್ನು ನೋಡಿದ್ದೇನೆ. ಬಿಸಿಗೆ ಅದು ಮೆತ್ತಗಾಗಿ ಚಪ್ಪಟೆಯಾಗುತ್ತದೆ. ಆಯಿಲ್ ತಾಳುವ ರಬ್ಬರ್ ಪೈಪನ್ನೇ ಕೇಳಿ ತರಬೇಕು, ವಾಲ್ವನ್ನು ತೊಳೆಯುವುದಕ್ಕಿಂತ ಬದಲಾಯಿಸುವುದೇ ಲೇಸು.

ಟರ್ಬೊ ಇರುವ ಡೀಸೆಲ್ ಗಾಡಿಯಲ್ಲಿ ಇನ್ನೊಂದು ತೊಡಕಿದೆ. ಟರ್ಬೊದ ಆಯಿಲ್ ತನ್ನ ಭಾರದಿಂದಲೇ ಕೆಳಗೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ (ಸಂಪ್) ಇಳಿಯಬೇಕು, ಬ್ರೀದರ್ ಕಟ್ಟಿ ಒಳಗೆ ಒತ್ತಡವಿದ್ದರೆ ಅದು ಇಳಿಯದೆ ಟರ್ಬೊದ ಸೀಲು ದಾಟುತ್ತದೆ. ಆಗ ಟರ್ಬೊ ಬದಲಾಯಿಸಿದರೂ ಹೊಗೆ ನಿಲ್ಲುವುದಿಲ್ಲ.

ಬ್ರೀದರ್ ಸ್ವಚ್ಛವಾಗಿದ್ದೂ ಹೊಗೆ ಉಳಿದರೆ ಕಂಪ್ರೆಶನ್, ಎಂದರೆ ಸಿಲಿಂಡರಿನೊಳಗೆ ಏಳುವ ಒತ್ತಡ, ನೋಡಿಸಬೇಕು. ಪೆಟ್ರೋಲ್ ಎಂಜಿನ್ ಕಾದಿರುವಾಗ ಎಲ್ಲ ಪ್ಲಗ್ ತೆಗೆದು, ಇಗ್ನಿಷನ್ ಕಾಯಿಲಿನ ವೈರ್ ಕಳಚಿ, ಪ್ಲಗ್ಗಿನ ತೂತಿಗೆ ಒತ್ತಡದ ಗೇಜ್ ಸಿಕ್ಕಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ನಾಲ್ಕೈದು ಸುತ್ತು ಸ್ಟಾರ್ಟರ್ ತಿರುಗಿಸಬೇಕು. ಸಿಲಿಂಡರುಗಳ ನಡುವೆ ಶೇ 10–15ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ, ಕಡಿಮೆ ಇರುವ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಗೇಜಿನ ಮುಳ್ಳು ಏರಿದರೆ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ, ಏರದಿದ್ದರೆ ದೋಷ ಎಂಜಿನ್ ವಾಲ್ವಿನಲ್ಲೋ ಗ್ಯಾಸ್ಕೆಟ್ಟಿನಲ್ಲೋ ಇದೆ. ಉದ್ಯಮಬಾಗದ ಮಷಿನ್ ಶಾಪಿನ ಬಾಗಿಲು ಬಡಿಯುವುದು ಮುಳ್ಳು ಏರಿದಾಗ ಮಾತ್ರ, ಅಲ್ಲಿಯೂ ಬೋರ್ ಅಳೆಸಿದ ಮೇಲೆಯೇ ಕೊರೆಸುವ ಮಾತು.

ಬ್ರೀದರ್ ಸರಿಪಡಿಸಿದ ದಿನವೇ ಹೊಗೆ ನಿಲ್ಲಲಿಲ್ಲವೆಂದು ಗಾಬರಿಯಾಗಬೇಕಿಲ್ಲ. ಮ್ಯಾನಿಫೋಲ್ಡಿನಲ್ಲೂ ಸೈಲೆನ್ಸರಿನಲ್ಲೂ ಕೂತ ಹಳೆಯ ಆಯಿಲ್ ಉರಿದು ಮುಗಿಯಬೇಕು. ಡಿಪ್‌ಸ್ಟಿಕ್ಕಿನ ಮಟ್ಟವನ್ನು ಬರೆದಿಟ್ಟುಕೊಂಡು ಧಾರವಾಡಕ್ಕೆ ಒಮ್ಮೆ ಹೋಗಿಬನ್ನಿ. ನನ್ನ ಕಾರು ಕಿತ್ತೂರು ದಾಟುವವರೆಗೂ ಹೊಗೆ ಬಿಡುತ್ತಲೇ ಇತ್ತು, ಮರಳುವಾಗ ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣುತ್ತಿತ್ತು.